ಇಪ್ಪತ್ತು ಇಂಚಿನ ಮರ್ಯಾದೆ

ಎದುರಾಳಿಯ ಕಾರಿಗೆ ಕೊನೆಯ ನಟ್ಟು ಬಿಗಿಯುತ್ತ ಶಾರ್ಷೆನ್ ಒಳಗೊಳಗೇ ನಕ್ಕ. ನಾರಿನ್ ಎಂಬ ಹಿಮದೂರಿನಲ್ಲಿ ಮೂವತ್ತು ವರ್ಷದಿಂದ ಟೈರ್ ಅಂಗಡಿ ನಡೆಸಿದವನು. ಇಷ್ಟು ಅಚ್ಚುಕಟ್ಟಾಗಿ ಯಾರ ಕಾರನ್ನೂ ಅವನು ಕೆಡಿಸಿರಲಿಲ್ಲ.

ಇಪ್ಪತ್ತು ಇಂಚಿನ ರಿಮ್ಮು, ಫಳಫಳ. ಅದರ ಸುತ್ತ ರೊಟ್ಟಿಯಷ್ಟು ತೆಳ್ಳಗಿನ, ಹಾಸಿಗೆಯಷ್ಟು ಅಗಲದ ಬೇಸಿಗೆ ಟೈರು. ನೋಡಿದವರ ದೃಷ್ಟಿ ತಾಕಬೇಕು, ಹಾಗಿತ್ತು. ಹಣೆಬರಹ ಓಡಿಸಿದವನಿಗೇ ಗೊತ್ತು. ಆ ಭಾರ ತಿರುಗಿಸುವುದರಲ್ಲೇ ಎಂಜಿನ್ನಿನ ಅರ್ಧ ಜೀವ ಹೋಗುತ್ತದೆ. ಬ್ರೇಕ್ ಒತ್ತಿದರೆ ಬೇಗ ನಿಲ್ಲುವುದಿಲ್ಲ. ಚಳಿಗೆ ರಬ್ಬರು ಮರಗಟ್ಟಿ, ಹಿಮದ ಮೇಲೆ ಬರೀ ತೇಲಾಟ.

ಆ ಕರಿ ಕಾರು ಎಲ್ದಿಯಾರನದು. ಶಾರ್ಷೆನ್‌ನ ಒಬ್ಬಳೇ ಮಗಳು ಮೀರಿಮಳನ್ನು ಕೇಳಲು ಬಂದವನು. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಹುಡುಗ ಕೆಟ್ಟವನಲ್ಲ. ಆದರೆ ಮಗಳನ್ನು ಕಳಿಸಿಕೊಡಲು ಶಾರ್ಷೆನ್‌ಗೆ ಮನಸ್ಸಿರಲಿಲ್ಲ, ಇವನಿಗಂತಲ್ಲ, ಯಾರಿಗೂ. ಬೇಡ ಎನ್ನಲು ಕಾರಣ ಸಿಗದೆ ಅಜ್ಜನ ಕಾಲದ ಆಟವೊಂದನ್ನು ಎಳೆದು ತಂದಿದ್ದ. ಹುಡುಗಿ ಕುದುರೆ ಏರಿ ಮುಂದೆ ಓಡಬೇಕು, ಹುಡುಗ ಅಟ್ಟಿಸಿಕೊಂಡು ಹೋಗಿ ಅವಳನ್ನು ದಾಟಬೇಕು. ದಾಟಿದರೆ ಅವಳ ಕಿವಿಗೆ ಅವನ ಮನೆಯ ಓಲೆ, ಮದುವೆ ನಿಶ್ಚಯ. ದಾಟದಿದ್ದರೆ ಅವನ ಬೆನ್ನಿಗೆ ಅವಳ ಚಾಟಿ, ಮತ್ತೆ ಈ ಕಡೆ ತಲೆ ಹಾಕುವಂತಿಲ್ಲ. ಈಗ ಕುದುರೆಯ ಬದಲು ಕಾರು. ಬಸ್ಸು ಲಾರಿ ಬಿಟ್ಟುಹೋದ ಹಳೇ ಘಾಟಿ ರಸ್ತೆ, ಕೆಳಗಿನ ಸೇತುವೆಯಿಂದ ನೆತ್ತಿಯ ಕಂಬದವರೆಗೆ. ಸಾಕ್ಷಿಗೆ ಊರಿನ ಹಿರಿಯ ಕಾಸಿಮ್.

ಟೈರು ಸವೆದಿವೆ ಎಂಬ ನೆಪ ಹೇಳಿ ಎಲ್ದಿಯಾರನ ಕಾರನ್ನು ಅಂಗಡಿಗೆ ಕರೆಸಿಕೊಂಡವನೂ ಶಾರ್ಷೆನ್‌ನೇ. ಮಗಳ ಬಿಳಿ ಕಾರಿಗೆ ಮಾತ್ರ ಹಗುರ ರಿಮ್ಮು, ಹಿಮವನ್ನು ಕಚ್ಚಿ ಹಿಡಿಯುವ ಕಿರಿದಾದ, ಮೆತ್ತನೆಯ ರಬ್ಬರಿಗೆ ಉಕ್ಕಿನ ಮೊಳೆ ಕೂರಿಸಿದ ಟೈರು. ಎರಡೂ ಕಾರಿನ ಎಂಜಿನ್ ಒಂದೇ. ವ್ಯತ್ಯಾಸವೆಲ್ಲ ನೆಲ ಮುಟ್ಟುವ ನಾಲ್ಕು ಅಂಗೈ ಜಾಗದಲ್ಲಿತ್ತು.

ಹೊಳೆಯುವ ಚಕ್ರ ನೋಡಿ ಎಲ್ದಿಯಾರ್ ತಲೆ ಕೆರೆದುಕೊಂಡ. ಎಷ್ಟಾಯಿತು ಎಂದು ಕೇಳಿದ.

“ಏನೂ ಬೇಡಪ್ಪಾ. ಮನೆಗೆ ಬಂದ ಅತಿಥಿನ ಇರೋದರಲ್ಲಿ ಒಳ್ಳೇ ಕುದುರೆ ಮೇಲೆ ಕೂರಿಸಿ ಕಳಿಸೋದು ನಮ್ಮ ಪದ್ಧತಿ,” ಎಂದು ಶಾರ್ಷೆನ್ ಅವನ ಬೆನ್ನು ತಟ್ಟಿದ.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಕಾಸಿಮ್ ಬಟ್ಟಲು ಕೆಳಗಿಟ್ಟ. ಟೈರು ಕಂಡರಿಯದವನೇನಲ್ಲ. “ಇದು ನ್ಯಾಯವೇನೋ ಶಾರ್ಷೆನ್?”

“ಗೆಲ್ಲೋನು ಸವಾರ, ಕಾಸಿಮಣ್ಣ. ಕುದುರೆ ಯಾರದ್ದು, ಲಾಳ ಎಂಥದ್ದು ಅಂತ ಯಾರಾದ್ರೂ ಕೇಳಿದ್ದುಂಟಾ?”

“ಸರಿ. ಈ ಮಾತಿಗೆ ನಾನೇ ಸಾಕ್ಷಿ,” ಎಂದು ಕಾಸಿಮ್ ಮತ್ತೆ ಬಟ್ಟಲೆತ್ತಿಕೊಂಡ.

ಮೀರಿಮ್ ಮುನಿಸಿಕೊಳ್ಳುತ್ತಾಳೆಂದು ಶಾರ್ಷೆನ್‌ಗೆ ಅಳುಕಿತ್ತು. ಟೈರುಗಳ ನಡುವೆಯೇ ಅಂಬೆಗಾಲಿಟ್ಟವಳು, ಅವಳಿಗೆ ತಿಳಿಯದ್ದೇನು? ಆದರೆ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವಳು ನೇರ ತನ್ನ ಕಾರಿನ ಬಾಗಿಲು ತೆರೆದಳು. ಬಿಳಿ ಕಾರಿನ ಸ್ಟಿಯರಿಂಗ್ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದಳು. ಯಾಕಮ್ಮಾ ಎಂದರೆ, ದಪ್ಪ ಉಣ್ಣೆ ಬೂಟಿಗೆ ಜಾಗ ಬೇಕಲ್ಲ ಎಂದಳು. ಅಪ್ಪನ ಕೈಗೆ ಚಹಾದ ಫ್ಲಾಸ್ಕು ಕೊಟ್ಟು, ನೀವು ಮೊದಲೇ ಮೇಲೆ ಹೋಗಿ ಕಂಬದ ಹತ್ತಿರ ಇರಿ ಎಂದಳು. ಶಾರ್ಷೆನ್‌ನ ಕಣ್ಣು ತುಂಬಿತು. ಅವಳಿಗೂ ನನ್ನ ಬಿಟ್ಟು ಹೋಗಲು ಇಷ್ಟವಿಲ್ಲ ಎಂದುಕೊಂಡ.

ನೆತ್ತಿಯಲ್ಲಿ ಗಾಳಿ ಕಿವಿ ಕೊಯ್ಯುತ್ತಿತ್ತು. ಕೋಟಿನೊಳಗೆ ಅಜ್ಜನ ಚಾಟಿ ಇಟ್ಟುಕೊಂಡು ಶಾರ್ಷೆನ್ ಕಾದ. ಕೆಳಗಿನ ತಿರುವುಗಳೆಲ್ಲ ಗುಡ್ಡದ ಮರೆ. ಕೊನೆಗೆ ಎಂಜಿನ್ ಸದ್ದು ಕೇಳಿತು, ಗುಡ್ಡದ ಅಂಚಿನಿಂದ ಕಾರೊಂದು ಹೊರಬಿತ್ತು.

ಬಿಳಿ ಕಾರು!

ತಿರುವಿನಲ್ಲಿ ಒಂದಿಷ್ಟೂ ಜಾರದೆ, ಗೋಡೆ ಹತ್ತುವ ಹಲ್ಲಿಯಂತೆ ಹತ್ತಿ ಬರುತ್ತಿತ್ತು. ಎಷ್ಟೋ ಹಿಂದೆ ಕರಿ ಕಾರು, ಹೊಳೆಯುವ ಚಕ್ರ ಗಿರಗಿರ ತಿರುಗಿಸುತ್ತ, ಕುಡಿದವನಂತೆ ಆ ಕಡೆ ಈ ಕಡೆ ವಾಲಾಡುತ್ತಿತ್ತು. ಅಯ್ಯೋ ಪಾಪ ಅನ್ನಿಸಿತು ಶಾರ್ಷೆನ್‌ಗೆ. ಮಗಳ ಬದಲು ಹುಡುಗನಿಗೆ ಒಂದು ಜೊತೆ ಒಳ್ಳೆಯ ಟೈರಾದರೂ ಕೊಟ್ಟು ಕಳಿಸೋಣ ಎಂದುಕೊಂಡ.

ಬಿಳಿ ಕಾರು ಕಂಬ ದಾಟಿ ನಿಂತಿತು. ಗಾಜಿಗೆಲ್ಲ ಹಿಮ ರಾಚಿತ್ತು. ಶಾರ್ಷೆನ್ ಚಾಟಿ ಎತ್ತಿ ಹಿಡಿದು, ವಯಸ್ಸು ಮರೆತು ಓಡಿದ. ಮಗಳ ಕೈಗೆ ಅದನ್ನು ತಾನೇ ಕೊಡಬೇಕಿತ್ತು.

ಬಾಗಿಲು ತೆರೆಯಿತು. ಮೊದಲು ಒಂದು ಉದ್ದನೆಯ ಕಾಲು ಹೊರಬಂತು, ಆಮೇಲೆ ಇನ್ನೊಂದು, ಕೊನೆಗೆ ತಲೆ ತಗ್ಗಿಸಿಕೊಂಡು ಎಲ್ದಿಯಾರ್.

ಹಿಂದಿನಿಂದ ಏದುಸಿರು ಬಿಡುತ್ತ ಬಂದ ಕರಿ ಕಾರಿನ ಗಾಜು ಇಳಿಯಿತು. ಪಕ್ಕದ ಸೀಟಿನಲ್ಲಿ ಕಾಸಿಮ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಸ್ಟಿಯರಿಂಗ್ ಹಿಡಿದಿದ್ದ ಮೀರಿಮ್ ತಲೆ ಹೊರಗೆ ಹಾಕಿ ಹೇಳಿದಳು: “ಅತಿಥಿನ ಒಳ್ಳೇ ಕುದುರೆ ಮೇಲೆ ಕೂರಿಸ್ಬೇಕು ಅಂದ್ರಲ್ಲಪ್ಪಾ, ಕೂರಿಸ್ದೆ.”