ಕಲ್ಲಿನೊಳಗಿನ ಸಮುದ್ರಗಿಡ

ಕಡಿದ ಗುಡ್ಡದ ಹಸಿಮಣ್ಣಿನ ವಾಸನೆ ಬಂದರೆ ಈಗಲೂ ನನಗೆ ಕಲ್ಲು ಜಾರುವ ಸದ್ದು ಕೇಳಿಸುತ್ತದೆ.

ಆಗ ನಾನು ಆರನೇ ತರಗತಿಯ ಹುಡುಗಿ. ನೆರೆಮನೆಯ ಬಾಷಾ ಕಾಕಾ ತಮ್ಮ ಟೆಂಪೋದಲ್ಲಿ ನನ್ನನ್ನು ಧಾರವಾಡದ ಅಜ್ಜಿಯ ಮನೆಗೆ ಕರೆದೊಯ್ಯುತ್ತಿದ್ದರು. ನಮ್ಮ ನೆಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತೆಂದು ಮಾಸ್ತರರು ಹೇಳಿದ್ದರು. ಹೊಸ ಬೈಪಾಸಿಗಾಗಿ ಕಡಿದ ಗುಡ್ಡ ಕಂಡಾಗ, ಕಲ್ಲಾದ ಶಂಖವೊಂದು ಸಿಕ್ಕೀತೆಂದು, ಹೊಟ್ಟೆನೋವಿನ ನೆಪ ಹೇಳಿ ಗಾಡಿ ನಿಲ್ಲಿಸುವಂತೆ ಮಾಡಿದೆ.

ಶಂಖ ಸಿಗಲಿಲ್ಲ. ಒಂದು ಕಲ್ಲಿನ ಮೇಲೆ ಕಪ್ಪು ಗಿಡದ ಅಚ್ಚು ಕಂಡಿತು, ನವಿರಾದ ಕೊಂಬೆಗಳ ಸಮೇತ. ಅದು ಗಿಡವಲ್ಲ, ಬಿರುಕಿಗೆ ಇಳಿದ ಮ್ಯಾಂಗನೀಸಿನ ಕಲೆ ಎಂದು ತಿಳಿದದ್ದು ಕಾಲೇಜಿನಲ್ಲಿ. ಅಂದು ಸಮುದ್ರದ ಗಿಡವೆಂದೇ ನಂಬಿ, ಗುಡ್ಡಕ್ಕೆ ಕಚ್ಚಿಕೊಂಡಿದ್ದ ಆ ಕಲ್ಲನ್ನು ಎರಡೂ ಕೈಯಿಂದ ಜಗ್ಗಿದೆ.

"ಹೊಟ್ಟಿಬ್ಯಾನಿಗೆ ಕಲ್ಲು ತಿಂತೀಯೇನವಾ? ಲಗೂ ಬಾ!" ಎಂದು ನಗುತ್ತ ಬಂದ ಕಾಕಾ ಮೇಲೆ ನೋಡಿದವರೇ ನನ್ನನ್ನು ದೂರ ನೂಕಿದರು. ಜಾರಿದ ಕಲ್ಲುಗಳು ಅವರ ಬಲಗಾಲಿನ ಮೇಲೆ ಬಿದ್ದವು.

ಸತ್ತೂರಿನ ಆಸ್ಪತ್ರೆಗೆ ಓಡಿಬಂದ ಅಪ್ಪ ರೇಗಿದರು: "ಹುಡುಗೀನ ಕರಕೊಂಡು ಅಲ್ಲಿ ಯಾಕ ನಿಂತಿ ಬಾಷಾ?"

ಕಾಕಾ ನನ್ನನ್ನೊಮ್ಮೆ ನೋಡಿದರು. "ತಪ್ಪು ನಂದ ಐತ್ರಿ ಅಣ್ಣಾರ. ಗುಡ್ಡ ನೋಡೂಣು ಬಾ ಅಂತ ನಾನ ಕರದೆ."

ಅಪ್ಪ ನನ್ನತ್ತ ತಿರುಗಿ, "ಖರೇ ಏನು?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.