ಹಲ್ಲಿ ಒಪ್ಪಿದ ಮೇಲೆ

ಗೋಡೆಯ ಹಲ್ಲಿ ಲೊಚಗುಟ್ಟದೆ ಮಾವನವರು ಯಾವುದಕ್ಕೂ ಹೂಂ ಅನ್ನುತ್ತಿರಲಿಲ್ಲ. ಮನೆಗೆ ಮಿಕ್ಸಿ ಬಂದದ್ದೂ, ಅತ್ತೆಗೆ ರೇಷ್ಮೆ ಸೀರೆ ಬಂದದ್ದೂ ಹಲ್ಲಿಯ ಒಪ್ಪಿಗೆಯಿಂದಲೇ ಎಂದು ಹೊಸ ಸೊಸೆ ಕೇಳಿ ತಿಳಿದಿದ್ದಳು.

"ಮಾವ, ನಾನು ಸ್ಕೂಟರ್ ಕಲೀಲಾ?"

"ನೋಡೋಣಮ್ಮ," ಎಂದು ಮಾವ ಗೋಡೆ ನೋಡಿದರು.

ಸೊಸೆ ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಸರಿದವಳೇ ಬಾಗಿಲ ಮರೆಯಲ್ಲಿ ನಿಂತು ನಾಲಗೆಯಿಂದ ಲೊಚ ಲೊಚ ಎಂದಳು.

ಮಾವ ಕುರ್ಚಿಯ ಕೈಯನ್ನು ಬೆರಳಿನಿಂದ ಕುಟ್ಟಿ, "ಕೃಷ್ಣ ಕೃಷ್ಣ! ಹಲ್ಲೀನೇ ಒಪ್ಪಿದ್ಮೇಲೆ ನಂದೇನು? ಕಲಿಯಮ್ಮ," ಎಂದರು.

ಗೆದ್ದೆ ಎಂದು ತಿರುಗಿದರೆ ಹಿಂದೆಯೇ ಅತ್ತೆ, ಕೈಯಲ್ಲಿ ಸೌಟು. ಸೊಸೆ ಕೈಯಲ್ಲಿದ್ದ ಲೋಟ ಒರೆಸತೊಡಗಿದಳು.

ಅತ್ತೆ ಅವಳ ಕಿವಿಯ ಹತ್ತಿರ ಬಗ್ಗಿದರು.

"ಅಷ್ಟು ಜೋರು ಬೇಡ ಕಣೇ, ಅನುಮಾನ ಬರತ್ತೆ. ಮದುವೆ ಆದಾಗಿಂದ ಅವರು ಕೇಳಿರೋ ಹಲ್ಲಿ ನಾನೇ."