ಮೇಡಂ ಹೂಂ ಅನ್ನಬೇಕು

“ಮೇಡಂ, ಕೂಸು ಅಳವಲ್ದ್ರಿ!”

ಅಭಯ ಕೂಗಿದ. ಸವದತ್ತಿಯ ಆ ಸಣ್ಣ ಆಸ್ಪತ್ರೆಗೆ ಅವನು ಡಾಕ್ಟರಾಗಿ ಸೇರಿ ತಿಂಗಳೂ ಆಗಿರಲಿಲ್ಲ. ಅಲ್ಲಿ ಮಕ್ಕಳ ಡಾಕ್ಟರು ಎಂದರೆ ಸುಚೇತಾ ಒಬ್ಬರೇ. ಅವರ ಕಟ್ಟುನಿಟ್ಟು ಎಲ್ಲರಿಗೂ ಗೊತ್ತು: ಕೂಸಿನ ಗಂಟಲಿಗೆ ನಳಿಕೆ ಇಳಿಸುವ ಮುಂಚೆ ಅವರು ನೋಡಬೇಕು, “ಹೂಂ” ಅನ್ನಬೇಕು.

ಇವತ್ತು ಆ ಹೂಂ ಬರುತ್ತಿಲ್ಲ.

“ಕುತ್ತಿಗಿ ಸರಿ ಮಾಡ್ರಿ... ಮಾಸ್ಕ್ ಬಿಗಿ ಹಿಡೀರಿ,” ಎಂದರು ಸುಚೇತಾ. ಅಷ್ಟೇ. ಹತ್ತಿರ ಬರಲಿಲ್ಲ. ಅಭಯನ ಬೆನ್ನ ಮರೆಯಿಂದ ಅವರಿಗೆ ಕಂಡದ್ದು ಒಂದು ಪುಟ್ಟ ಪಾದ, ನೇರಳೆ ಹಣ್ಣಿನ ಬಣ್ಣದ್ದು.

ಬೈಲಹೊಂಗಲದಿಂದ ಇನ್ನೊಬ್ಬ ಮಕ್ಕಳ ಡಾಕ್ಟರನ್ನು ಕರೆಸಿದ್ದರು. ಅವರು ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದಿದ್ದರು. ಹೆರಿಗೆ ಡಾಕ್ಟರು ದಿಗಂಬರ ತಾಯಿಯ ಹೊಟ್ಟೆ ಹೊಲಿಯುತ್ತಿದ್ದರು. ರಕ್ತ ನಿಂತಿರಲಿಲ್ಲ, ಕೈ ಬಿಡುವಂತಿರಲಿಲ್ಲ.

ಬಾಗಿಲ ಹೊರಗೆ ಕೂಸಿನ ಅಜ್ಜಿ ರಾಧಾಬಾಯಿ ಯಾರಿಗೋ ಧೈರ್ಯ ಹೇಳುತ್ತಿದ್ದರು: “ಹೆದರಬ್ಯಾಡ್ರಿ, ಒಳಗ ಸುಚೇತಾ ಇದ್ದಾಳ. ಎಂಥೆಂಥಾ ಕೂಸು ಬದುಕಿಸ್ಯಾಳ!”

“ನಳಿಕಿ ಹಾಕ್ಲೇನ್ರಿ ಮೇಡಂ?”

ಸುಚೇತಾ ಬಾಯಿ ತೆರೆದರು. ಕೂಸಿನ ಎದೆ ಏರುತ್ತಿದೆಯೋ ಇಲ್ಲವೋ, ಕಾಣದೆ ಹೂಂ ಅನ್ನುವುದು ಹೇಗೆ? ತಪ್ಪಿದರೆ? ಎಷ್ಟೋ ಕೂಸುಗಳ ಮುಂದೆ ಗಟ್ಟಿಯಾಗಿದ್ದವರ ಹಲ್ಲು ಈಗ ಕಟಕಟ ಎನ್ನುತ್ತಿತ್ತು.

ನರ್ಸ್ ಸಂಘಮಿತ್ರಾ ಸಿಡುಕಿದಳು. “ಸರ್, ಅವರ ಮಾರಿ ಏನ್ ನೋಡ್ತೀರಿ? ಇವತ್ತ ಅವರ ಕಡಿಂದ ಆಗೂದಿಲ್ಲ. ಕೂಸಿನ ಮಾರಿ ನೋಡ್ರಿ!”

“ಆಮ್ಯಾಲೆ ಬೈದ್ರ?”

“ಬೈಯಲಿ ಬಿಡ್ರಿ. ಮೊದಲ ಕೂಸು ಉಳೀಲಿ!”

ಅಭಯ ನಳಿಕೆ ಇಳಿಸಿದ. ತಪ್ಪಿತು. ಮತ್ತೆ ಇಳಿಸಿದ. ಎದೆ ಏರಿತು. ಪಾದಕ್ಕೆ ಚೂರು ಕೆಂಪು ಬಂತು. ಅಳು ಮಾತ್ರ ಬರಲಿಲ್ಲ.

“ಧಾರವಾಡಕ್ಕ ಒಯ್ಯೂಣು. ಗಾಡಿ ಬಾಗಲದಾಗ ಐತಿ, ನಡೀರಿ!” ಎಂದ ಅಭಯ.

ಕೂಸನ್ನು ಎತ್ತಿಕೊಂಡ. ಸಂಘಮಿತ್ರಾ ಉಸಿರಿನ ಚೀಲ ಒತ್ತುತ್ತ ಅವನ ಜೊತೆಗೇ ಓಡಿದಳು. ಚೀಲದ ಪುಸ್ ಪುಸ್ ಸದ್ದು ದೂರವಾಯಿತು. ಕೂಸು ಗಂಡೋ ಹೆಣ್ಣೋ, ಯಾರೂ ಹೇಳಿರಲಿಲ್ಲ.

ಸುಚೇತಾ ಹಿಂದೆಯೇ ಹೊರಡುವವರಂತೆ ತಲೆ ಎತ್ತಿದರು.

“ಅಲುಗಾಡಬ್ಯಾಡವಾ,” ಎಂದರು ದಿಗಂಬರ, ಸುಚೇತಾರ ಹೊಟ್ಟೆಗೆ ಇನ್ನೊಂದು ಹೊಲಿಗೆ ಹಾಕುತ್ತ.